ಚಂದ್ರಾಮನ ಹೇಳಿಕೆ

ದಿಲ್ಲಿ, 14 ಆಗಸ್ಟ್ 2010

ಪ್ರೀತಿಯ ಮಹಾದೇವಕ್ಕ,

ನೀವು ಕಟ್ಟಿಕೊಟ್ಟ ಖಡಕ್ ರೊಟ್ಟಿ ಇನ್ನೂ ಮುಗಿದಿಲ್ಲ. ಉಳಿಸಿ ಉಳಿಸಿ ತಿನ್ನುತ್ತಿದ್ದೇನೆ. ಹಾಸ್ಟೆಲಿನ ಹುಡುಗಿಯರು ಹಪ್ಪಳ ಅಂದುಕೊಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಪ್ಪ ಡೊಂಬಿವ್ಲಿಯಲ್ಲಿ ಇಷ್ಟು ವರ್ಷ ಉಡುಪಿ ಹೋಟೆಲು ನಡೆಸಿದರೂ ಜೋಳದ ರೊಟ್ಟಿಯ ರುಚಿ ನನಗೆ ಹತ್ತಿದ್ದು ವಿಠ್ಠಲವಾಡಿಯ ನಿಮ್ಮ ಖೋಲಿಯಲ್ಲೇ.

ಬರವಣಿಗೆ ಶುರುವಾಗಿದೆ. ಇಲ್ಲಿನ ಶಾಂತಿ ಅಧ್ಯಯನ ವಿಭಾಗದಲ್ಲಿ ಎಲ್ಲರೂ ದೊಡ್ಡ ದೊಡ್ಡ ಗಲಭೆಗಳ ಮೇಲೆ ಸಂಶೋಧನೆ ಮಾಡುತ್ತಾರೆ. ನಾನೊಬ್ಬಳು ವಠಾರದಂಥ ಒಂದು ಚಾಳನ್ನೂ ಅಲ್ಲಿ ಸತ್ತ ಒಬ್ಬ ಇಸ್ತ್ರಿಯವನನ್ನೂ ಹಿಡಿದು ಕೂತಿದ್ದೇನೆ. ಲಖನ್ ಮಕ್ಕಳ ಕಳ್ಳ ಎಂಬ ಸುದ್ದಿ ಎಲ್ಲಿ ಹುಟ್ಟಿತು, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು, ಎಲ್ಲಿ ಯಾರು ತಡೆದಿದ್ದರೆ ಜನ ಅವನನ್ನು ಹೊಡೆದು ಕೊಲ್ಲುತ್ತಿರಲಿಲ್ಲ ಎಂಬುದೇ ನನ್ನ ಪ್ರಶ್ನೆ. ಈ ಬೇಸಿಗೆಯಲ್ಲಿ ನಿಮ್ಮಲ್ಲಿಗೆ ಬಂದು ಅಷ್ಟು ಮನೆ ತಿರುಗಿದರೂ ಬಾಯಿ ಬಿಟ್ಟವರು ಭಾವ ಒಬ್ಬರೇ. ಆ ಸುದ್ದಿಯನ್ನು ಗಣಪತಿ ಮಂಡಳದ ಆಫೀಸಿನಲ್ಲೇ ಹುಟ್ಟಿಸಿದರು, ಲಖನ್ ಇಸ್ತ್ರಿ ಮಾಡಲು ಕೂರುತ್ತಿದ್ದ ಜಾಗ ಮಂಡಳದ ಅಧ್ಯಕ್ಷನ ತಮ್ಮನಿಗೆ ಬೇಕಾಗಿತ್ತು ಎಂದು ಅವರು ಹೇಳದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಪೊಲೀಸರಿಗೂ ಹೇಳದ್ದನ್ನು ನನ್ನನ್ನು ನಂಬಿ ಹೇಳಿದ್ದಾರೆ. ಅವರ ಹೆಸರು ಎಲ್ಲಿಯೂ ಬರಕೂಡದು, ಆದ್ದರಿಂದ ಒಂದು ಬದಲಿ ಹೆಸರು ಬೇಕು. ನಾನು ನಮ್ಮ ಉಡುಪಿ ಕಡೆಯ ಹೆಸರು, ದೇಜಪ್ಪ ಎಂದು ಬರೆದಿದ್ದೆ. ನಮ್ಮ ಗೈಡ್ ಧಾರವಾಡದವರು, “ಇಂಡಿ ಕಡ್ಯಾವಂಗ ದೇಜಪ್ಪ ಅಂತ ಯಾರು ಹೆಸರಿಡ್ತಾರವಾ?” ಎಂದು ನಕ್ಕುಬಿಟ್ಟರು. ನಿಮ್ಮ ಕಡೆಯದೇ ಆದ, ಆದರೆ ನಿಮ್ಮ ಚಾಳಿನಲ್ಲಿ ಯಾರಿಗೂ ಇಲ್ಲದ ಒಂದು ಹೆಸರನ್ನು ಬರೆದು ಕಳುಹಿಸಿ.

ಭಾವನ ಹೆಸರು ಕೇಳಿದಾಗ ನೀವು ಬಾಗಿಲ ಮೇಲಿನ ಹಲಗೆ ತೋರಿಸಿ, “ಅಲ್ಲಿ ಐತಿ ನೋಡು, ಓದ್ಕೋ. ಹೆಂಡ್ತಿ ಆದಾಕಿ ಗಂಡನ ಹೆಸರು ಹಿಡಿದ್ರ ಅವನ ಆಯುಷ್ಯ ಕಡಿಮಿ ಆಗ್ತೈತಿ” ಅಂದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಈ ಹೆಸರಿಗೆ ಅಂಥ ಭಯ ಏನಿಲ್ಲವಲ್ಲ.

ನಿಮ್ಮ
ಪ್ರಣೀತಾ


ವಿಠ್ಠಲವಾಡಿ, 2 ಸೆಪ್ಟೆಂಬರ್ 2010

ಚಿ. ಪ್ರಣೀತಾಗೆ ಮಹಾದೇವಿಯ ಆಶೀರ್ವಾದ.

ಸಾಲಿಯಲ್ಲಿ ಕಲಿಸಿದ ಹಾಗೆ ಬರೆಯುತ್ತಿದ್ದೇನೆ. ನನ್ನದು ಏಳನೆಯ ತರಗತಿಯ ಕನ್ನಡ, ತಪ್ಪಿದ್ದರೆ ತಿದ್ದಿಕೋ. ಫೋನ್ ಮಾಡಬೇಡ ಎಂದದ್ದು ಸಿಟ್ಟಿನಿಂದಲ್ಲ. ನಮ್ಮ ಗೋಡೆ ನಿನಗೆ ಗೊತ್ತೇ ಇದೆ, ಇಲ್ಲಿ ಕೆಮ್ಮಿದರೆ ಪಕ್ಕದ ಖೋಲಿಯ ಸ್ನೇಹಲ್ ಔಷಧ ತರುತ್ತಾಳೆ. ಕಾಗದವಾದರೆ ಚಿಂತೆ ಇಲ್ಲ. ಈ ಚಾಳಿನಲ್ಲಿ ಕನ್ನಡ ಓದುವವರು ನಾವಿಬ್ಬರೇ. ಪೋಸ್ಟಿನವನು ನಿನ್ನ ಅಕ್ಷರ ನೋಡಿ ತೆಲುಗು ಅಂದುಕೊಂಡಿದ್ದಾನೆ.

ನಿನ್ನ ಹತ್ತಿರ ಮಾತಾಡಿದ ಮೇಲೆ ನಮ್ಮವರು ಸ್ವಲ್ಪ ಹಗುರಾಗಿದ್ದಾರೆ. ಲಖನ್ ಸತ್ತ ದಿನದಿಂದ ಅಂಗಿಗೆ ಇಸ್ತ್ರಿ ಮಾಡಿಸಿಲ್ಲ. ಸುಕ್ಕಾದದ್ದನ್ನೇ ತೊಟ್ಟು ಕಲ್ಯಾಣದ ಆಫೀಸಿಗೆ ಹೋಗುತ್ತಾರೆ. ಆದರೆ ಈಗ ಊಟ ಸೇರುತ್ತಿದೆ. ಆಗಾಗ ಒಂದೇ ಮಾತು ಕೇಳುತ್ತಾರೆ, “ಆ ಹುಡುಗಿ ನನ್ನ ಹೆಸರು ಹಾಕೂದಿಲ್ಲ ಹೌದಿಲ್ಲೋ?” ಎಂದು. ಹಾಕುವುದಿಲ್ಲ ಎನ್ನುತ್ತೇನೆ.

ಹೆಸರು ಕೇಳಿದ್ದೀಯಲ್ಲ, ಚಂದ್ರಾಮ ಎಂದು ಇಡು. ಅದು ನನ್ನ ತಮ್ಮನ ಹೆಸರು. ಸಣ್ಣವನಿದ್ದಾಗಲೇ ಜ್ವರ ಬಂದು ಹೋದ. ಬಹಳ ಮಾತಿನವನು, ಮನೆಯಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಈ ಚಾಳಿನಲ್ಲಿ ಆ ಹೆಸರಿನವರು ಯಾರೂ ಇಲ್ಲ. ನಿನ್ನ ಪುಸ್ತಕದಲ್ಲಾದರೂ ಅವನು ಮಾತಾಡಲಿ.

ಮಹಾದೇವಿ


ದಿಲ್ಲಿ, 20 ಜನವರಿ 2011

ಪ್ರೀತಿಯ ಅಕ್ಕ,

ನಿಮ್ಮ ತಮ್ಮ ಮಾತಾಡುತ್ತಿದ್ದಾನೆ, ನನ್ನ ಮೂರನೆಯ ಅಧ್ಯಾಯ ಪೂರ್ತಿ ಅವನದೇ. ಮೊನ್ನೆ ವಿಭಾಗದ ಸಭೆಯಲ್ಲಿ ಓದಿದೆ. ಕೇಳಿದವರೆಲ್ಲ ಆಮೇಲೆ ಚಹಾ ಕುಡಿಯುತ್ತಾ, ಚಂದ್ರಾಮ ಹಾಗೆ ಹೇಳಿದನಲ್ಲ, ಚಂದ್ರಾಮ ಅದನ್ನು ಕಂಡನಲ್ಲ ಎಂದು ಪರಿಚಯದವನ ವಿಷಯ ಮಾತಾಡುವಂತೆ ಮಾತಾಡಿದರು. ಒಮ್ಮೊಮ್ಮೆ ನನಗೇ ಭಾವನ ಮುಖ ಮರೆತು, ಚಾಳಿನ ಗ್ಯಾಲರಿಯಲ್ಲಿ ನಿಂತ ಬೇರೆ ಯಾರೋ ಒಬ್ಬ ಕಣ್ಣ ಮುಂದೆ ಬರುತ್ತಾನೆ.

ಭಾವನಿಗೆ ಹೇಳಿ, ಹೆದರುವ ಕಾರಣವಿಲ್ಲ. ಇದು ಇಂಗ್ಲಿಷಿನ ಪ್ರಬಂಧ, ಇಲ್ಲಿನ ಲೈಬ್ರರಿಯ ಕಪಾಟಿನಲ್ಲಿ ಇರುತ್ತದೆ. ಒಂದು ಊರಿನಲ್ಲಿ ಒಬ್ಬರಾದರೂ ಮಾತಾಡಿದರೆ ಮುಂದಿನ ಸಾವು ತಪ್ಪುತ್ತದೆ ಎಂದು ನಂಬಿಯೇ ನಾನು ಈ ಕೆಲಸಕ್ಕೆ ಬಂದದ್ದು. ಅವರು ಆ ಒಬ್ಬರು.

ಪ್ರಣೀತಾ


ವಿಠ್ಠಲವಾಡಿ, 10 ಜೂನ್ 2012

ಚಿ. ಪ್ರಣೀತಾ,

ನಿನ್ನ ಕಾಗದ ಬರದೆ ವರ್ಷದ ಮೇಲಾಯಿತು. ಡಾಕ್ಟರಾದವರಿಗೆ ಕೈ ನೋಯುತ್ತದೆಯೇನು? ಇರಲಿ, ಸುದ್ದಿ ಹೇಳುತ್ತೇನೆ.

ನಮ್ಮ ಅಣ್ಣನ ಮಗ ಬಂದಿದ್ದಾನೆ. ಐಟಿಐ ಮುಗಿಸಿದ್ದಾನೆ. ಬದಲಾಪುರದಲ್ಲಿ ಏಳುತ್ತಿರುವ ಹೊಸ ಬಿಲ್ಡಿಂಗುಗಳಿಗೆ ವೈರಿಂಗ್ ಮಾಡುವ ಕಂತ್ರಾಟದಾರನ ಹತ್ತಿರ ಕೆಲಸ ಸಿಕ್ಕಿತು, ಇರುವುದು ನಮ್ಮಲ್ಲೇ. ತೀರಿಹೋದವರ ಹೆಸರನ್ನು ಮನೆಯಲ್ಲಿ ಮುಂದೆ ಹುಟ್ಟುವ ಗಂಡುಕೂಸಿಗೆ ಇಡುವುದು ನಮ್ಮ ಪದ್ಧತಿ. ಹಾಗಾಗಿ ಇವನೂ ಚಂದ್ರಾಮನೇ. ನನಗೆ ಆ ಹೆಸರು ಕರೆಯಲು ಬಾಯಿ ಬರದೆ ತಮ್ಮಾ ಎನ್ನುತ್ತೇನೆ. ಚಾಳಿನವರಿಗೆ ಮಾತ್ರ ಬಂದ ವಾರದಲ್ಲೇ ಚಂದ್ರಾಮ, ಚಂದೂ, ಚಂದ್ಯಾ ಎಲ್ಲ ಆದ. ಮಾತಿನಲ್ಲೂ ಸತ್ತವನ ಪಡಿಯಚ್ಚು.

ಮೆಟ್ಟಿಲಿನ ದೀಪ ಎಷ್ಟೋ ವರ್ಷದಿಂದ ಕೆಟ್ಟಿತ್ತು, ಯಾರೂ ಹೇಳದೆ ಸರಿಮಾಡಿದ. ಈ ಸಲದ ಗಣಪತಿಗೆ ಲೈಟಿಂಗ್ ನೀನೇ ಹಾಕು ಎಂದು ಮಂಡಳದವರು ಈಗಲೇ ಹಿಡಿದುಕೊಂಡಿದ್ದಾರೆ. ನಮ್ಮವರಿಗೆ ಅದು ಹಿಡಿಸಿಲ್ಲ. ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳುವ ಹಾಗಿಲ್ಲ. ಲಖನನ ವಿಷಯ ಹುಡುಗನಿಗೆ ಏನೂ ಗೊತ್ತಿಲ್ಲ. ನಾವೂ ಹೇಳಿಲ್ಲ. ಮನೆಯಲ್ಲಿ ಇಷ್ಟು ದಿನದ ಮೇಲೆ ನಗು ಕೇಳಿಸುತ್ತಿದೆ, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಮಹಾದೇವಿ


ಸೀವುಡ್ಸ್, 18 ನವೆಂಬರ್ 2012

ಪ್ರೀತಿಯ ಅಕ್ಕ,

ವಿಳಾಸ ನೋಡಿದಿರಾ? ನಿಮ್ಮ ಊರಿನ ಹತ್ತಿರಕ್ಕೇ ಬಂದಿದ್ದೇನೆ. ನವಿ ಮುಂಬೈಯ ವಿಶ್ವವಿದ್ಯಾಲಯವೊಂದರ ಹೊಸ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ಹಿಂಸೆ ನಡೆಯುವ ಮೊದಲೇ ಅದನ್ನು ತಡೆಯುವುದು ಹೇಗೆ ಎಂದು ಕಾಲೇಜಿನ ಹುಡುಗರಿಗೆ ಕಲಿಸುವ ಕೇಂದ್ರ. ಸುಳ್ಳು ಸುದ್ದಿ ಕಿವಿಗೆ ಬಿದ್ದಾಗ ಏನು ಮಾಡಬೇಕು, ಗುಂಪು ಸೇರುವಾಗ ಯಾರನ್ನು ಕರೆಯಬೇಕು, ಇಂಥವು. ಠಾಣೆಯಿಂದ ಬದಲಾಪುರದವರೆಗಿನ ಕಾಲೇಜುಗಳಿಗೆಲ್ಲ ಮರಾಠಿಯಲ್ಲಿ ಒಂದು ಕೈಪಿಡಿ ಮಾಡುತ್ತಿದ್ದೇವೆ. ನನ್ನ ಮೂರನೆಯ ಅಧ್ಯಾಯವೂ ಅದರಲ್ಲಿ ಸೇರುತ್ತದೆ. ಕಪಾಟಿನಲ್ಲಿ ಧೂಳು ತಿನ್ನಬೇಕಾಗಿದ್ದದ್ದು ಕೊನೆಗೂ ಕೆಲಸಕ್ಕೆ ಬಂತು.

ನಿಮ್ಮ ಕಾಗದ ದಿಲ್ಲಿಯಿಂದ ಸುತ್ತು ಹಾಕಿ ಬಂದು ಸಿಕ್ಕಿತು. ಅಣ್ಣನ ಮಗ ಬಂದದ್ದು ಒಳ್ಳೆಯದಾಯಿತು, ಮನೆಯಲ್ಲಿ ಮಾತು ಇರುತ್ತದೆ. ಶಾಲೆ ಬಿಡಿಸಬೇಡಿ, ಓದು ಮುಂದುವರಿಸಲು ಹೇಳಿ. ಒಂದು ಭಾನುವಾರ ಬಂದೇ ಬರುತ್ತೇನೆ.

ಅವಸರದಲ್ಲಿ,
ಪ್ರಣೀತಾ


ವಿಠ್ಠಲವಾಡಿ, 6 ಜನವರಿ 2013

ಚಿ. ಪ್ರಣೀತಾ,

ಸೀವುಡ್ಸ್ ಏನು ದಿಲ್ಲಿಯೇ? ಠಾಣೆಯಲ್ಲಿ ಗಾಡಿ ಬದಲಿಸಿದರೆ ನಮ್ಮ ಸ್ಟೇಷನ್ನು. ಭಾನುವಾರಗಳು ಬಂದು ಹೋಗುತ್ತಿವೆ, ನೀನು ಮಾತ್ರ ಬರಲಿಲ್ಲ.

ಮರಾಠಿ ಕೈಪಿಡಿಯ ವಿಷಯ ನಮ್ಮವರಿಗೆ ಓದಿ ಹೇಳಿದೆ. ತುತ್ತು ಕೈಯಲ್ಲೇ ನಿಂತಿತು. “ಇಂಗ್ಲಿಷಿನ್ಯಾಗ ಅಂದಿದ್ಲು. ಮರಾಠಿ ಅಂದ್ರ ಇಲ್ಲೆ ಓದ್ತಾರ” ಅಂದರು. ಅವತ್ತಿನಿಂದ ಮತ್ತೆ ನಿದ್ದೆ ಇಲ್ಲ.

ಆ ಪುಸ್ತಕವನ್ನು ಈ ಕಡೆಯ ಕಾಲೇಜುಗಳಿಗೆ ಕೊಡಬೇಡ. ಕೊಡಲೇಬೇಕು ಎಂದಾದರೆ ಅಚ್ಚಿಗೆ ಮೊದಲು ಒಮ್ಮೆ ಬಂದು ನಮ್ಮ ಮುಂದೆ ಕೂತು ಓದು. ನಿನಗೆ ತಿಳಿಯದ್ದು ನಮಗೆ ತಿಳಿದೀತು. ಇದೊಂದು ಮಾತು ನಡೆಸಿಕೊಡು.

ಮಹಾದೇವಿ


ಸೀವುಡ್ಸ್, 25 ಫೆಬ್ರವರಿ 2013

ಪ್ರೀತಿಯ ಅಕ್ಕ,

ಭಾವನಿಗೆ ಧೈರ್ಯ ಹೇಳಿ. ಊರಿನ ಹೆಸರು ಬದಲಿಸಿದ್ದೇನೆ, ಚಾಳಿನ ಹೆಸರೂ ಬದಲಿಸಿದ್ದೇನೆ. ಲಖನ್ ಈಗ ಹಾಲು ಮಾರುವವನು. ಭಾವನ ನಿಜವಾದ ಹೆಸರು ನನ್ನ ಕಂಪ್ಯೂಟರಿನಲ್ಲಿ ಕೂಡ ಇಲ್ಲ. ಎಲ್ಲ ಹೆಸರುಗಳನ್ನೂ ಬದಲಿಸಲಾಗಿದೆ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಬಂದು ಓದಿ ತೋರಿಸಬೇಕೆಂದೇ ಇದ್ದೆ. ಪ್ರೆಸ್ಸಿನವರ ಗಡಿಬಿಡಿ, ಮೇಲಿನವರ ಗಡಿಬಿಡಿ, ಆಗಲೇ ಇಲ್ಲ. ಅಚ್ಚಾಗಿ ಬಂದಿದೆ. ಜೂನಿನಿಂದ ತರಗತಿಗಳಿಗೆ ಹೋಗುತ್ತದೆ. ನನ್ನನ್ನು ನಂಬಿ.

ಪ್ರಣೀತಾ


ವಿಠ್ಠಲವಾಡಿ, 29 ಸೆಪ್ಟೆಂಬರ್ 2013

ಪ್ರಣೀತಾ,

ಇವತ್ತ ಸಾಲಿ ಕನ್ನಡ ಬರೂದಿಲ್ಲ. ಬಾಯಿಗೆ ಬಂದಂಗ ಬರೀತೀನಿ.

ಸ್ನೇಹಲ್‌ನ ಮೈದುನ ಸ್ವಪ್ನಿಲ್ ಕಲ್ಯಾಣದಾಗ ಕಾಲೇಜಿಗೆ ಹೋಗ್ತಾನ. ಅವಂಗ ನಿನ್ನ ಪುಸ್ತಕ ಕೊಟ್ಟಾರ. ಮಂಡಳದಾಗ ಕುಂತು ಎಲ್ಲಾರಿಗೂ ಓದಿ ಹೇಳ್ಯಾನ. ನಳದ ಕಟ್ಟಿ, ಗ್ಯಾಲರಿ, ಮಂಡಳದ ಆಫೀಸು, ಮಕ್ಕಳ ಕಳ್ಳನ ಸುದ್ದಿ, ಎಲ್ಲಾ ಐತಂತ ಅದರಾಗ. ಊರಿನ ಹೆಸರು ಬ್ಯಾರೆ ಬರದ್ರ ಏನಾತು, ತಮ್ಮ ಮನಿ ತಮಗ ಗುರ್ತ ಸಿಗೂದಿಲ್ಲೇನು? ಮ್ಯಾಲೆ ಹಾಳಿ ಹಾಳಿಗೂ ಚಂದ್ರಾಮ ಹೇಳ್ಯಾನ, ಚಂದ್ರಾಮ ನೋಡ್ಯಾನ ಅಂತ ಬರದಿ. ಇಲ್ಲಿ ಚಂದ್ರಾಮ ಅಂದ್ರ ಒಬ್ಬನ, ನಮ್ಮ ಅಣ್ಣನ ಮಗ.

ಗಣಪತಿ ಕಳಿಸಿದ ಮ್ಯಾಲೆ ಮಂಟಪದ ಲೈಟ್ ಬಿಚ್ಚಾಕ ಬಾ ಅಂತ ಅವನ್ನ ಕರದ್ರು. ನಕ್ಕೋತ ಹೋದ. “ಅತ್ತಿ, ಚಾ ಇಡು, ಈಗ ಬಂದೆ” ಅಂದ. ಏಣಿ ಮ್ಯಾಲಿದ್ದವನ್ನ ಕೆಳಗ ಜಗ್ಗಿ, ಅವ ಹಾಕಿದ್ದ ವೈಯರಲೆ ಅವನ ಕೈ ಕಟ್ಟಿ ಹೊಡದಾರ. ನಾ ಆವಾಗ ಇಲ್ಲಿ ಇರಲೇ ಇಲ್ಲ ಅಂತ ಒದರತಿದ್ದನಂತ. ಲಖನ್ ಸತ್ತಾಗ ಅವ ಊರಾಗ ಸಾಲಿ ಕಲೀತಿದ್ದ. ಯಾರೂ ಕೇಳಲಿಲ್ಲ. ರಜಾಕ್ಕ ಬಂದಿದ್ದಿರಬೇಕು, ಆವಾಗ ನೋಡಿರಬೇಕು ಅಂದ್ರಂತ.

ಈಗ ದವಾಖಾನ್ಯಾಗ ಅದಾನ. ಕಣ್ಣು ತೆಗದಿಲ್ಲ. ನೀ ಬಾ. ಬಂದು ಇವರೆಲ್ಲಾರ ಮುಂದ ನಿಂತು, ಆ ಹೆಸರು ಸುಳ್ಳು, ನಾನ ಇಟ್ಟಿದ್ದು ಅಂತ ಹೇಳು. ಕಣ್ಣು ತೆಗದು ಮನಿಗೆ ಬಂದ್ರ ಮತ್ತ ಬಿಡೂದಿಲ್ಲ ಅವನ್ನ. ಅಷ್ಟ ಹೇಳಿ ಹೋಗು.


ಸೀವುಡ್ಸ್, 11 ಅಕ್ಟೋಬರ್ 2013

ಮಾನ್ಯ ಶ್ರೀಮತಿ ಮಹಾದೇವಿಯವರಿಗೆ,

ನಡೆದ ದುರ್ಘಟನೆಯ ಬಗ್ಗೆ ನಮ್ಮ ಕೇಂದ್ರವು ತೀವ್ರ ವಿಷಾದ ವ್ಯಕ್ತಪಡಿಸುತ್ತದೆ. ಕೈಪಿಡಿಯಲ್ಲಿರುವ ಎಲ್ಲ ಹೆಸರುಗಳನ್ನೂ ಬದಲಿಸಲಾಗಿದೆ ಎಂಬ ಸೂಚನೆ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಅಚ್ಚಾಗಿದೆ. ಸದರಿ ಹೆಸರು ಕಲ್ಪಿತ ಎಂದು ನಾವು ಸ್ಥಳಕ್ಕೆ ಬಂದು ಸಾರಿದರೆ, ನಿಜವಾಗಿ ಹೇಳಿಕೆ ನೀಡಿದವರು ಯಾರು ಎಂಬ ಹುಡುಕಾಟ ಆರಂಭವಾಗುವ ಸಂಭವವಿದೆ. ಹೇಳಿಕೆ ನೀಡಿದವರನ್ನು ಕಾಪಾಡುವುದು ಸಂಶೋಧನೆಯ ಮೊದಲ ಕರ್ತವ್ಯವೆಂದು ನಮ್ಮ ನೈತಿಕ ಸಮಿತಿ ತೀರ್ಮಾನಿಸಿದೆ. ಸದ್ಯಕ್ಕೆ ಸಿಬ್ಬಂದಿಯಲ್ಲಿ ಯಾರೂ ಅಲ್ಲಿಗೆ ಭೇಟಿ ನೀಡಬಾರದೆಂದೂ ಸೂಚಿಸಿದೆ.

ಅಕ್ಕ, ಮೇಲಿನದು ಅವರು ಬರೆಸಿದ್ದು. ನಿಮ್ಮ ಮನೆಗೆ ಬಂದ ಹುಡುಗನ ಹೆಸರು ಚಂದ್ರಾಮ ಎಂದು ನನಗೆ ಗೊತ್ತಿರಲಿಲ್ಲ. ಹಾಗೆ ನೀವು ಬರೆದಿದ್ದರೂ ಆ ಕಾಗದ ನನಗೆ ತಲುಪಿಯೇ ಇಲ್ಲ, ದಿಲ್ಲಿಯಲ್ಲೇ ಉಳಿದಿರಬೇಕು. ಗೊತ್ತಿದ್ದರೆ ನಾನು ಬದಲಿಸುತ್ತಿರಲಿಲ್ಲವೇ? ಹುಡುಗ ಹೇಗಿದ್ದಾನೆ ಎಂದು ಒಂದು ಸಾಲು ಬರೆಯಿರಿ.

ಪ್ರಣೀತಾ


ವಿಠ್ಠಲವಾಡಿ, 24 ನವೆಂಬರ್ 2013

ಪ್ರಣೀತಾಗೆ,

ಚಂದ್ರಾಮ ದೀಪಾವಳಿ ಪಾಡ್ಯದಂದು ತೀರಿಕೊಂಡ. ಕಣ್ಣು ತೆರೆಯಲೇ ಇಲ್ಲ. ಅಣ್ಣ ಬಂದು ಊರಿಗೆ ಒಯ್ದ. ನಾವೂ ಹೋಗಿ ಮಣ್ಣು ಕೊಟ್ಟು ಬಂದೆವು. ಅತ್ತಿಗೆ ನನ್ನ ಮುಖ ನೋಡಲಿಲ್ಲ.

ಮೊದಲ ಪುಟದ ಮಾತು ಬರೆದಿದ್ದೀಯ. ಸ್ವಪ್ನಿಲ್ ಅದನ್ನೂ ಓದಿದ್ದನಂತೆ. ಹೆಸರು ಬದಲಿಸಿದ್ದೇವೆ ಎಂದು ಅಚ್ಚು ಹಾಕುವುದು ಹೇಳಿದವನನ್ನು ಉಳಿಸಿಕೊಳ್ಳುವ ಉಪಾಯ ಎಂದು ಮಂಡಳದವರು ಹೇಳಿದರಂತೆ.

ನನ್ನ ಕಾಗದ ಸಿಗಲಿಲ್ಲ ಎಂದಿದ್ದೀಯ. ಅಣ್ಣನ ಮಗ ಬಂದದ್ದು ಒಳ್ಳೆಯದಾಯಿತು, ಓದು ಮುಂದುವರಿಸಲು ಹೇಳಿ ಎಂದು ನೀನೇ ಬರೆದ ಕಾಗದ ನನ್ನ ಟ್ರಂಕಿನಲ್ಲಿದೆ. ಅವನು ಬಂದ ಸುದ್ದಿ ಬರೆದ ಪುಟದಲ್ಲೇ ಅವನ ಹೆಸರೂ ಇತ್ತು. ನೀನು ಓದಿದ್ದೀಯ, ಲಕ್ಷ್ಯ ಕೊಡಲಿಲ್ಲ. ನಾನೂ ಹಾಗೇ, ಎರಡು ಚಂದ್ರಾಮರ ಹೆಸರು ಬರೆದ ಕೈ ನನ್ನದೇ ಆದರೂ ನನಗೆ ಹೊಳೆಯಲಿಲ್ಲ. ಆದರೆ ನಾನು ಸುಳ್ಳು ಹೇಳುತ್ತಿಲ್ಲ.

ಪೊಲೀಸರು ಬಂದಿದ್ದರು. ಏಣಿಯಿಂದ ಬಿದ್ದ ಎಂದು ಮಂಡಳದವರು ಬರೆಸಿದ್ದಾರೆ. ಹುಡುಗನ ಮೇಲೆ ಯಾರಿಗಾದರೂ ಸಿಟ್ಟಿತ್ತೇ ಎಂದು ಸಾಹೇಬರು ನಮ್ಮವರನ್ನು ಕೇಳಿದರು. ಗೊತ್ತಿಲ್ಲ ಎಂದರು. ಸಾಹೇಬರು ಹೋದ ಮೇಲೆ ನಾನು ಜಗಳಕ್ಕೆ ನಿಂತೆ. “ನಾ ಹೇಳಿದ್ದೆಲ್ಲಾ ಅವನ ಹೇಳ್ಯಾನಂತ ಆತು. ಅವ ಹೋದ. ಇನ್ನ ಯಾಕ ಕೆದಕ್ತಿ?” ಅಂದರು. ಮರುದಿನದಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ಅಂಗಿಗೆ ಇಸ್ತ್ರಿಯನ್ನೂ ಮಾಡಿಸಲು ಶುರುಮಾಡಿದ್ದಾರೆ, ಲಖನನ ಜಾಗದಲ್ಲಿ ಇಸ್ತ್ರಿ ಅಂಗಡಿ ಹಾಕಿ ಕೂತಿರುವ ಅಧ್ಯಕ್ಷನ ತಮ್ಮನ ಹತ್ತಿರವೇ.

ನಿನ್ನ ಸಮಿತಿಯವರಿಗೆ ತಿಳಿಸು. ಹೇಳಿಕೆ ಕೊಟ್ಟವರು ಕ್ಷೇಮವಾಗಿದ್ದಾರೆ.

ಮಹಾದೇವಿ


ಸೀವುಡ್ಸ್, 9 ಫೆಬ್ರವರಿ 2014

ಅಕ್ಕ,

ಎಷ್ಟೋ ಸಲ ಬರೆಯಲು ಕೂತು ಎದ್ದೆ. ಸಂಕ್ರಾಂತಿಯ ಮಾರನೆಯ ದಿನ ವಿಠ್ಠಲವಾಡಿಯವರೆಗೆ ಬಂದಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ನಿಮ್ಮ ಚಾಳಿನ ಕಡೆ ಹೋಗುವ ಮೆಟ್ಟಿಲು ಎದುರಿಗೇ ಇತ್ತು. ಹತ್ತಲಿಲ್ಲ. ಠಾಣೆಯ ಗಾಡಿ ಬಂತು, ಹತ್ತಿ ವಾಪಸಾದೆ. ಹಿಂಸೆ ತಡೆಯುವುದು ಹೇಗೆ ಎಂದು ಮರುದಿನ ಅರವತ್ತು ಹುಡುಗರಿಗೆ ಪಾಠ ಮಾಡಿದೆ. ನಾಚಿಕೆಯಾಗುತ್ತದೆ.

ಕೈಪಿಡಿಯನ್ನು ವಾಪಸು ತರಿಸಿದ್ದಾರೆ. ಮತ್ತೆ ಅಚ್ಚು ಹಾಕುವಾಗ ಆ ಅಧ್ಯಾಯ ಇರಬೇಕು, ಹೆಸರು ಮಾತ್ರ ಬೇರೆ ಇರಬೇಕು ಎನ್ನುತ್ತಿದ್ದಾರೆ. ಕೂತು ಹೆಸರು ಬರೆದೆ, ಎಲ್ಲವನ್ನೂ ಹೊಡೆದುಹಾಕಿದೆ. ಬಾಲಪ್ಪ ಎಂದು ಬರೆದರೆ ಎಲ್ಲೋ ಒಬ್ಬ ಬಾಲಪ್ಪ ಏಣಿ ಹತ್ತುತ್ತಿದ್ದಾನೆ ಅನ್ನಿಸುತ್ತದೆ. ಅಧ್ಯಾಯವನ್ನೇ ತೆಗೆ ಎಂದರೆ ತೆಗೆಯುತ್ತೇನೆ, ಕೆಲಸ ಹೋದರೂ ಸರಿ. ಇರಲಿ ಎನ್ನುವುದಾದರೆ ಯಾವ ಹೆಸರಿಡಲಿ? ನಿಮ್ಮನ್ನು ಮತ್ತೆ ಇದನ್ನೇ ಕೇಳುವ ಮುಖ ನನಗಿಲ್ಲ. ಆದರೂ ಬೇರೆ ಯಾರನ್ನು ಕೇಳಲಿ?

ಪ್ರಣೀತಾ


ವಿಠ್ಠಲವಾಡಿ, 2 ಮಾರ್ಚ್ 2014

ಪ್ರಣೀತಾ,

ಅಧ್ಯಾಯ ತೆಗೆಯಬೇಡ. ತೆಗೆದರೆ ಲಖನನೂ ತಾನಾಗಿಯೇ ಸತ್ತ, ನನ್ನ ಹುಡುಗನೂ ಏಣಿಯಿಂದ ಬಿದ್ದು ಸತ್ತ ಎಂದಾಗುತ್ತದೆ.

ಹೋಳಿ ಮುಗಿದ ಮರುದಿನ ಬೆಳಿಗ್ಗೆ ನಾನು ಪೊಲೀಸ್ ಚೌಕಿಗೆ ಹೋಗುತ್ತೇನೆ. ಅವನನ್ನು ಹೊಡೆದರು, ಯಾಕೆ ಹೊಡೆದರು ಎಂದು ಬರೆಸುತ್ತೇನೆ. ಅದನ್ನು ಹೇಳಬೇಕಾದರೆ ನಿನಗೆ ಹೇಳಿದವರು ಯಾರು ಎಂದೂ ಹೇಳಬೇಕಾಗುತ್ತದೆ. ನೀನು ಬಂದು ನನ್ನ ಪಕ್ಕ ನಿಂತು ಹೌದು ಎಂದರೆ ನನ್ನ ಮಾತಿಗೆ ಬೆಲೆ ಬರುತ್ತದೆ. ಬರದಿದ್ದರೆ ಟ್ರಂಕಿನಲ್ಲಿರುವ ನಿನ್ನ ಕಾಗದಗಳನ್ನು ಒಯ್ಯುತ್ತೇನೆ, ಕನ್ನಡ ಓದುವವರನ್ನು ಅವರೇ ಹುಡುಕಿಕೊಳ್ಳಲಿ. ಸ್ಟೇಷನ್ನಿನವರೆಗೆ ಬಂದವಳಿಗೆ ದಾರಿ ಗೊತ್ತಿದೆ.

ನಮ್ಮವರಿಗೆ ಹೇಳಿದೆ. “ನನ್ನ ಕೊಲ್ಲಾಕ ಹೊಂಟಿ ನೀ” ಅಂದರು. ಇರಬಹುದು. ನನಗೂ ಭಯವಿದೆ. ಮಕ್ಕಳಿಲ್ಲದ ಮನೆ, ಅವರೊಬ್ಬರನ್ನು ಬಿಟ್ಟರೆ ಈ ಊರಿನಲ್ಲಿ ನನಗೆ ಯಾರಿದ್ದಾರೆ? ಹೆಸರು ಹಿಡಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ನಿನ್ನ ಮುಂದೆ, ಎಲ್ಲ ಕಡೆ ಬೆರಳು ತೋರಿಸಿಯೇ ಕಾಲ ಕಳೆದೆ. ಅವರ ಆಯುಷ್ಯ ಉಳಿಯಿತು. ಹುಡುಗನ ಹೆಸರನ್ನು ಮಾತ್ರ ನಾನೇ ಕೈಯಾರೆ ಬರೆದು ಕಳುಹಿಸಿದೆ.

ಅವರು ಎದುರಿಗೇ ಕೂತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾರೆ. ಅವರಿಗೂ ಓದಲು ಆಗಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹೊಸ ಹೆಸರು ಕೇಳಿದ್ದೀಯ, ಇದನ್ನು ಹಾಕು. ಇದು ಬದಲಿ ಹೆಸರಲ್ಲ.

ನಿನಗೆ ಹೇಳಿದವರು ನನ್ನ ಗಂಡ, ಶಂಕರೆಪ್ಪ ಜಟ್ಟೆಪ್ಪ ಬಿರಾದಾರ.

ಇಂತಿ,
ಮಹಾದೇವಿ ಶಂಕರೆಪ್ಪ ಬಿರಾದಾರ